ಹೆಚ್ಚು ಹೆಸರು ಕೇಳದ ಕಂಪನಿಯ ಹೆಡ್‌ಫೋನ್ ಆಂಪ್ಲಿಫೈಯರ್ ಮತ್ತು ಡ್ಯಾಕ್: ನಾನು ಪರಿಶೀಲಿಸುವ ಬಗೆ

ಹೆಡ್‌ಫೋನ್ ಆಂಪ್ಲಿಫೈಯರ್‌ಗಳನ್ನೂ ಡಿಜಿಟಲ್ ಸಂಕೇತವನ್ನು ಅನಲಾಗ್ ಸಂಕೇತವಾಗಿಸುವ, ಡ್ಯಾಕ್ ಎಂದು ಎಲ್ಲರೂ ಕರೆಯುವ ಪರಿವರ್ತಕಗಳನ್ನೂ ತಯಾರಿಸುವ ಸಣ್ಣ ಕಂಪನಿಗಳು ಬಹಳಷ್ಟಿವೆ. ಅವುಗಳ ಹೆಸರು ಹೆಚ್ಚಿನವರ ಕಿವಿಗೆ ಬಿದ್ದಿರುವುದೇ ಇಲ್ಲ. ಬಿದ್ದಿದ್ದರೂ ಯಾರೋ ಒಬ್ಬ ಅಭಿಮಾನಿಯ ಮಿತಿಮೀರಿದ ಹೊಗಳಿಕೆಯ ಮೂಲಕ ಬಿದ್ದಿರುತ್ತದೆ. ಹೀಗಾಗಿ ಇಂಥ ಉಪಕರಣವನ್ನು ಕೈಗೆತ್ತಿಕೊಳ್ಳುವ ಮುಂಚೆಯೇ ಅನೇಕರು ಒಂದು ತೀರ್ಮಾನಕ್ಕೆ ಬಂದಿರುತ್ತಾರೆ. ಹೆಸರಿಲ್ಲದ ಕಂಪನಿಯ ಮಾಲು ನಂಬಿಕೆಗೆ ಅರ್ಹವಲ್ಲ ಎಂಬುದು ಕೆಲವರ ನಿಲುವಾದರೆ, ದೊಡ್ಡ ಕಂಪನಿಗಳು ಮಾಡಲಾಗದ್ದನ್ನು ಈ ಸಣ್ಣವರು ಸದ್ದಿಲ್ಲದೆ ಸಾಧಿಸಿದ್ದಾರೆ ಎಂಬುದು ಇನ್ನು ಕೆಲವರ ನಂಬಿಕೆ. ಎರಡಕ್ಕೂ ಪರಿಶೀಲನೆಯ ಆಧಾರವಿಲ್ಲ. ಸಣ್ಣ ಕಂಪನಿಯೊಂದರ ಬಗ್ಗೆ ನಮಗೆ ಸಿಗುವ ಮೊದಲ ಸಾಕ್ಷ್ಯವೆಂದರೆ ಅದು ತಾನೇ ಪ್ರಕಟಿಸುವ ಸ್ಪೆಸಿಫಿಕೇಶನ್ ಪಟ್ಟಿ; ಅದರಲ್ಲಿರುವ ಅಂಕಿಗಳಿಗಿಂತಲೂ, ಆ ಅಂಕಿಗಳು ಯಾವ ಸ್ಥಿತಿಯಲ್ಲಿ ದೊರೆತವು ಎಂಬುದನ್ನು ಅದು ಹೇಳುತ್ತದೆಯೇ ಎಂಬುದನ್ನು ನಾನು ಮೊದಲು ನೋಡುತ್ತೇನೆ.

ಇತ್ತೀಚೆಗೆ ಅಂಥ ಒಂದು ಕಂಪನಿಯ ಆಂಪ್ಲಿಫೈಯರ್ ಮತ್ತು ಡ್ಯಾಕ್ ಎರಡನ್ನೂ ಸಾಕಷ್ಟು ಕಾಲ ಇಟ್ಟುಕೊಂಡು ಬಳಸಿದೆ. ಆಂಪ್ಲಿಫೈಯರ್ ನನಗೆ ಬಹಳ ಹಿಡಿಸಿತು, ಡ್ಯಾಕ್ ಹಿಡಿಸಲಿಲ್ಲ. ದೋಷವನ್ನೂ ಹೇಳಬೇಕಾಗಿರುವುದರಿಂದ ಕಂಪನಿಯ ಹೆಸರನ್ನು ಬಿಟ್ಟಿದ್ದೇನೆ. ಇಲ್ಲಿ ವಿವರಿಸಿರುವ ಕ್ರಮವನ್ನು ಯಾವ ಕಂಪನಿಯ ಪೆಟ್ಟಿಗೆಗೆ ಬೇಕಾದರೂ ಅನ್ವಯಿಸಬಹುದು.

ಮೊದಲು ಶಕ್ತಿಯ ವಿಚಾರ. ಜಾಹೀರಾತುಗಳಲ್ಲಿ ದೊಡ್ಡ ಅಕ್ಷರದಲ್ಲಿ ಕಾಣುವುದು ಇಷ್ಟು ಮಿಲಿವ್ಯಾಟ್ ಎಂಬ ಒಂದೇ ಅಂಕಿ. ಎಷ್ಟು ಓಮ್ ಲೋಡಿಗೆ (ಅಂದರೆ ಹೆಡ್‌ಫೋನ್ ಒಡ್ಡುವ ವಿದ್ಯುತ್ ತಡೆಗೆ), ಎಷ್ಟು ಡಿಸ್ಟಾರ್ಷನ್ (ತರಂಗದ ವಿರೂಪ) ಆಗುವವರೆಗೆ, ಒಂದು ಚಾನೆಲ್ ಮಾತ್ರವೋ ಎರಡೂ ಚಾನೆಲ್‌ಗಳು ಒಟ್ಟಿಗೆ ಕೆಲಸ ಮಾಡುವಾಗಲೋ ಎಂಬ ವಿವರವಿಲ್ಲದಿದ್ದರೆ ಆ ಅಂಕಿಗೆ ಅರ್ಥವಿಲ್ಲ. ವಿವರವಿದ್ದಾಗ ಅದೇ ಅಂಕಿಗಳಿಂದ ಸಾಕಷ್ಟು ಸಂಗತಿಗಳನ್ನು ಲೆಕ್ಕ ಹಾಕಿ ತಿಳಿಯಬಹುದು. ಒಂದು ಆಂಪ್ಲಿಫೈಯರ್ 32 ಓಮ್‌ಗೂ 100 ಮಿಲಿವ್ಯಾಟ್, 300 ಓಮ್‌ಗೂ 100 ಮಿಲಿವ್ಯಾಟ್ ಕೊಡುತ್ತದೆ ಎಂದಿಟ್ಟುಕೊಳ್ಳೋಣ. 300 ಓಮ್‌ನಲ್ಲಿ 100 ಮಿಲಿವ್ಯಾಟ್ ಎಂದರೆ ಸುಮಾರು 5.5 ವೋಲ್ಟ್. ಆದರೆ 32 ಓಮ್‌ನಲ್ಲಿ 100 ಮಿಲಿವ್ಯಾಟ್ ಎಂದರೆ 1.8 ವೋಲ್ಟ್ ಮಾತ್ರ, ಅಲ್ಲಿ ಹರಿಯುವ ವಿದ್ಯುತ್ ಪ್ರವಾಹ ಸುಮಾರು 56 ಮಿಲಿಆಂಪಿಯರ್. 5.5 ವೋಲ್ಟ್ ಕೊಡಬಲ್ಲ ಸರ್ಕ್ಯೂಟ್ 1.8 ವೋಲ್ಟ್‌ಗೇ ನಿಂತುಬಿಟ್ಟಿದೆ ಎಂದರೆ, ಅದಕ್ಕಿಂತ ಹೆಚ್ಚು ಪ್ರವಾಹ ಕೊಡುವ ಸಾಮರ್ಥ್ಯ ಅದಕ್ಕಿಲ್ಲ ಎಂದೇ ತಿಳಿಯಬೇಕು.

ಇದು ಕಾಗದದ ಮೇಲಿನ ಲೆಕ್ಕವಾಗಿ ಉಳಿಯುವುದಿಲ್ಲ. 300 ಓಮ್‌ನ ಸೆನ್‌ಹೈಸರ್ ಎಚ್‌ಡಿ 600 ಹೆಡ್‌ಫೋನ್ 1 ವೋಲ್ಟ್‌ಗೆ 97 ಡೆಸಿಬೆಲ್ ಧ್ವನಿ ಕೊಡುತ್ತದೆ. ಸಂಗೀತದ ಶಿಖರಗಳಲ್ಲಿ ಅದು 110 ಡೆಸಿಬೆಲ್ ಮುಟ್ಟಬೇಕಾದರೆ ಸುಮಾರು 4.5 ವೋಲ್ಟ್ ಬೇಕು, ಪ್ರವಾಹ ಮಾತ್ರ 15 ಮಿಲಿಆಂಪಿಯರ್ ಸಾಕು. 50 ಓಮ್‌ನ ಹೈಫೈಮ್ಯಾನ್ ಎಚ್‌ಇ-6 ಎಂಬ ಪ್ಲೇನಾರ್ (ಚಪ್ಪಟೆ ಪೊರೆಯ) ಹೆಡ್‌ಫೋನಿನ ಸೂಕ್ಷ್ಮತೆ 1 ಮಿಲಿವ್ಯಾಟ್‌ಗೆ 83.5 ಡೆಸಿಬೆಲ್. ಅದೇ 110 ಡೆಸಿಬೆಲ್‌ಗೆ ಅದಕ್ಕೂ ಬೇಕಾಗುವ ವೋಲ್ಟೇಜ್ ಸುಮಾರು 4.7, ಆದರೆ ಪ್ರವಾಹ 95 ಮಿಲಿಆಂಪಿಯರ್. ವೋಲ್ಟೇಜಿನಲ್ಲಿ ಎರಡಕ್ಕೂ ಹೆಚ್ಚು ಕಡಿಮೆ ಒಂದೇ ಬೇಡಿಕೆ. ಪ್ರವಾಹದಲ್ಲಿ ಆರು ಪಟ್ಟು ಅಂತರ. ಮೇಲಿನ ಆಂಪ್ಲಿಫೈಯರ್ ಎಚ್‌ಡಿ 600 ಅನ್ನು ನಿರಾಯಾಸವಾಗಿ ನಡೆಸುತ್ತದೆ, ಎಚ್‌ಇ-6 ಜೊತೆ 105 ಡೆಸಿಬೆಲ್ ಆಸುಪಾಸಿನಲ್ಲೇ ತರಂಗದ ತುದಿಗಳನ್ನು ಕತ್ತರಿಸತೊಡಗುತ್ತದೆ. ಒಬ್ಬರು ಹೊಗಳಿದ ಆಂಪ್ಲಿಫೈಯರನ್ನೇ ಮತ್ತೊಬ್ಬರು ಸತ್ವವಿಲ್ಲದ್ದು ಎಂದು ತೆಗೆದುಹಾಕುವುದಕ್ಕೆ ಎಷ್ಟೋ ಸಲ ಕಾರಣ ಇಷ್ಟೇ ಆಗಿರುತ್ತದೆ. ಇಬ್ಬರೂ ತಮ್ಮ ತಮ್ಮ ಹೆಡ್‌ಫೋನಿನ ಮಟ್ಟಿಗೆ ಸತ್ಯವನ್ನೇ ಹೇಳಿರುತ್ತಾರೆ.

ನನ್ನ ಕೈಗೆ ಬಂದ ಆಂಪ್ಲಿಫೈಯರಿನ ತಯಾರಕರು 32, 50, 150, 300 ಮತ್ತು 600 ಓಮ್‌ಗಳಿಗೆ ಪ್ರತ್ಯೇಕವಾಗಿ ಅಂಕಿಗಳನ್ನು ಕೊಟ್ಟಿದ್ದರು. ಪ್ರತಿಯೊಂದರ ಪಕ್ಕದಲ್ಲೂ ಡಿಸ್ಟಾರ್ಷನ್ ಮಿತಿಯನ್ನು ನಮೂದಿಸಿದ್ದರು, ಎರಡೂ ಚಾನೆಲ್ ಒಟ್ಟಿಗೆ ನಡೆಯುವಾಗ ಅಳೆದದ್ದು ಎಂದು ಬರೆದಿದ್ದರು. ಇಷ್ಟು ಬರೆಯಬೇಕಾದರೆ ಯಾರೋ ಒಬ್ಬರು ಲೋಡ್ ರೆಸಿಸ್ಟರುಗಳನ್ನು ಬದಲಿಸುತ್ತಾ ಕುಳಿತು ನಿಜವಾಗಿ ಅಳೆದಿರಲೇಬೇಕು. ಒಂದು ಸಣ್ಣ ಕಂಪನಿಯ ಮೇಲೆ ಗೌರವ ಹುಟ್ಟುವುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಕಾರಣ ಬೇಕಿಲ್ಲ.

ಶಕ್ತಿಗಿಂತಲೂ ಹೆಚ್ಚು ಸಲ ಮರೆಮಾಚುವ ಅಂಕಿ ಔಟ್‌ಪುಟ್ ಇಂಪೀಡೆನ್ಸ್, ಅಂದರೆ ಆಂಪ್ಲಿಫೈಯರಿನ ಔಟ್‌ಪುಟ್ ತಾನೇ ಒಡ್ಡುವ ವಿದ್ಯುತ್ ತಡೆ. ಹೆಡ್‌ಫೋನಿನ ಇಂಪೀಡೆನ್ಸ್ ಎಲ್ಲ ಆವರ್ತನಗಳಲ್ಲೂ ಒಂದೇ ಆಗಿರುವುದಿಲ್ಲ. 300 ಓಮ್ ಎಂದು ಬರೆದಿರುವ ಎಚ್‌ಡಿ 600 ಮಂದ್ರ ಸ್ವರಗಳ ಬಳಿ, ಡ್ರೈವರಿನ ಅನುರಣನ ಇರುವಲ್ಲಿ, 500 ಓಮ್ ಹತ್ತಿರ ಏರುತ್ತದೆ. ಒಂದು ಕಾಲದಲ್ಲಿ ಐಇಸಿ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ 61938 ಮಾನದಂಡ 120 ಓಮ್ ಔಟ್‌ಪುಟ್ ಇಂಪೀಡೆನ್ಸನ್ನು ಸೂಚಿಸಿತ್ತು. ಅಂಥ ಆಂಪ್ಲಿಫೈಯರಿಗೆ ಈ ಹೆಡ್‌ಫೋನ್ ಜೋಡಿಸಿದರೆ ಮಂದ್ರ ಭಾಗ ಸುಮಾರು 1 ಡೆಸಿಬೆಲ್ ಎದ್ದು ಕೇಳುತ್ತದೆ. ಕೆಲವರಿಗೆ ಅದೇ ಇಷ್ಟವಾಗಲೂಬಹುದು. ಆದರೆ ಬ್ಯಾಲೆನ್ಸ್ಡ್ ಆರ್ಮೇಚರ್ ಎಂಬ ಪುಟ್ಟ ಡ್ರೈವರುಗಳು ಹಲವಿರುವ ಇಯರ್‌ಫೋನಿನ ಕಥೆ ಬೇರೆ. ಅದರ ಇಂಪೀಡೆನ್ಸ್ ಒಂದು ಆವರ್ತನದಲ್ಲಿ 8 ಓಮ್, ಇನ್ನೊಂದರಲ್ಲಿ 40 ಓಮ್ ಆಗಿದ್ದು, ಆಂಪ್ಲಿಫೈಯರಿನ ಔಟ್‌ಪುಟ್ ಇಂಪೀಡೆನ್ಸ್ 10 ಓಮ್ ಇದ್ದರೆ, ಆ ಎರಡು ಆವರ್ತನಗಳ ನಡುವಿನ ಸಮತೋಲ 5 ಡೆಸಿಬೆಲ್‌ನಷ್ಟು ಕೆಡುತ್ತದೆ. ಅದೇ 1 ಓಮ್ ಇದ್ದರೆ ವ್ಯತ್ಯಾಸ 0.8 ಡೆಸಿಬೆಲ್‌ಗೆ ಇಳಿಯುತ್ತದೆ. 5 ಡೆಸಿಬೆಲ್ ಎಂದರೆ ಇಯರ್‌ಫೋನ್ ತಯಾರಕರು ಉದ್ದೇಶಿಸಿದ ನಾದವೇ ಉಳಿಯುವುದಿಲ್ಲ. ಔಟ್‌ಪುಟ್ ಇಂಪೀಡೆನ್ಸ್ ಹೆಡ್‌ಫೋನಿನ ಇಂಪೀಡೆನ್ಸಿನ ಎಂಟನೇ ಒಂದು ಭಾಗಕ್ಕಿಂತ ಕಡಿಮೆ ಇರಬೇಕು ಎಂಬ ರೂಢಿಯ ನಿಯಮ ಹುಟ್ಟಿದ್ದು ಇಂಥ ಲೆಕ್ಕಗಳಿಂದಲೇ.

10 ಓಮ್ ಎಂಬ ಅಂಕಿಯನ್ನು ನಾನು ಸುಮ್ಮನೆ ಆರಿಸಲಿಲ್ಲ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಟಿಪಿಎ6120ಎ2 ಎಂಬ ಹೆಡ್‌ಫೋನ್ ಚಿಪ್ಪನ್ನು ಸಣ್ಣ ಕಂಪನಿಗಳು ವ್ಯಾಪಕವಾಗಿ ಬಳಸಿವೆ. ಆ ಚಿಪ್ ಸ್ಥಿರವಾಗಿ ಕೆಲಸ ಮಾಡಲು ಔಟ್‌ಪುಟ್‌ನಲ್ಲಿ 10 ಓಮ್ ರೆಸಿಸ್ಟರ್ ಹಾಕುವ ವಿನ್ಯಾಸವೇ ಅದರ ಜೊತೆ ಬಂದದ್ದರಿಂದ, ಅನೇಕ ಉಪಕರಣಗಳಲ್ಲಿ ಅದು ಹಾಗೆಯೇ ಉಳಿಯಿತು. ಚಿಪ್ ಅತ್ಯುತ್ತಮವಾದದ್ದೇ, ಆದರೆ ಸೂಕ್ಷ್ಮ ಇಯರ್‌ಫೋನುಗಳಿಗೆ ಆ ಪೆಟ್ಟಿಗೆ ಸರಿಹೊಂದುವುದಿಲ್ಲ, ಸ್ಪೆಸಿಫಿಕೇಶನ್ ಪಟ್ಟಿಯೂ ಅದನ್ನು ಹೇಳುವುದಿಲ್ಲ.

ಪಟ್ಟಿ ಹೇಳದಿದ್ದರೆ ನಾವೇ ಅಳೆಯಬಹುದು, ಅದಕ್ಕೆ ಪ್ರಯೋಗಶಾಲೆ ಬೇಕಿಲ್ಲ. 100 ಹರ್ಟ್ಸ್‌ನ ಸೈನ್ ತರಂಗವನ್ನು ನುಡಿಸಿ, ಏನನ್ನೂ ಜೋಡಿಸದ ಔಟ್‌ಪುಟ್‌ನಲ್ಲಿ ಮಲ್ಟಿಮೀಟರಿನಿಂದ ಎಸಿ ವೋಲ್ಟೇಜ್ ನೋಡಬೇಕು. ಆಮೇಲೆ ವಾಲ್ಯೂಮ್ ಮುಟ್ಟದೆ, ಅದೇ ಔಟ್‌ಪುಟ್‌ಗೆ 33 ಓಮ್‌ನ ರೆಸಿಸ್ಟರ್ ಜೋಡಿಸಿ ಮತ್ತೆ ನೋಡಬೇಕು. ಮೊದಲ ಅಂಕಿಯನ್ನು ಎರಡನೆಯದರಿಂದ ಭಾಗಿಸಿ, ಬಂದದ್ದರಲ್ಲಿ ಒಂದನ್ನು ಕಳೆದು, 33ರಿಂದ ಗುಣಿಸಿದರೆ ಔಟ್‌ಪುಟ್ ಇಂಪೀಡೆನ್ಸ್ ಸಿಗುತ್ತದೆ. 0.500 ವೋಲ್ಟ್ ಇದ್ದದ್ದು 0.485ಕ್ಕೆ ಇಳಿದರೆ ಸುಮಾರು 1 ಓಮ್, 0.384ಕ್ಕೆ ಕುಸಿದರೆ 10 ಓಮ್. ಆವರ್ತನ 100 ಹರ್ಟ್ಸ್ ಆಗಿರಲಿ ಎನ್ನುವುದಕ್ಕೆ ಕಾರಣವಿದೆ: ಸಾಧಾರಣ ಮಲ್ಟಿಮೀಟರುಗಳ ಎಸಿ ಅಳತೆಯನ್ನು ಕೆಲವು ನೂರು ಹರ್ಟ್ಸ್‌ಗಿಂತ ಮೇಲೆ ನಂಬಲಾಗುವುದಿಲ್ಲ. ನಾನು ಪರಿಶೀಲಿಸಿದ ಆಂಪ್ಲಿಫೈಯರ್ ಈ ಪರೀಕ್ಷೆಯಲ್ಲಿ 1 ಓಮ್‌ನ ಒಳಗೇ ನಿಂತಿತು, ತಯಾರಕರು ಹೇಳಿದ್ದೂ ಅದನ್ನೇ.

ಅದೇ ಮಲ್ಟಿಮೀಟರನ್ನು ಡಿಸಿ ಮಿಲಿವೋಲ್ಟ್‌ಗೆ ತಿರುಗಿಸಿ, ಸಂಗೀತವಿಲ್ಲದಾಗ ಔಟ್‌ಪುಟ್‌ನಲ್ಲಿ ಎಷ್ಟು ಡಿಸಿ ಇದೆ ಎಂದೂ ನೋಡಬೇಕು. ಕೆಲವೇ ಮಿಲಿವೋಲ್ಟ್ ಇದ್ದರೆ ಚಿಂತೆಯಿಲ್ಲ. 20 ದಾಟಿದರೆ ನಾನು ಹೆಡ್‌ಫೋನ್ ಜೋಡಿಸಲು ಹಿಂಜರಿಯುತ್ತೇನೆ. ಸ್ವಿಚ್ ಹಾಕಿದ ಕ್ಷಣದಲ್ಲೂ ಆರಿಸಿದ ಕ್ಷಣದಲ್ಲೂ ಮೀಟರ್ ಎಷ್ಟು ಜಿಗಿಯುತ್ತದೆ ಎಂಬುದನ್ನು ಗಮನಿಸುವುದು ಇನ್ನೂ ಮುಖ್ಯ. ಆ ಹೊಡೆತವನ್ನು ತಡೆಯುವ ರಿಲೇ ಒಳಗಿದ್ದರೆ, ಸ್ವಿಚ್ ಹಾಕಿದ ಒಂದೆರಡು ಸೆಕೆಂಡಿನ ನಂತರ ಟಿಕ್ ಎಂಬ ಸಣ್ಣ ಸದ್ದು ಕೇಳಿಸುತ್ತದೆ. ಹೊಸ ಕಂಪನಿಯ ಆಂಪ್ಲಿಫೈಯರಿಗೆ ಬೆಲೆಬಾಳುವ ಹೆಡ್‌ಫೋನನ್ನು ಮೊದಲ ದಿನವೇ ಜೋಡಿಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಇನ್ನು ಗದ್ದಲ, ಅಂದರೆ ಉಪಕರಣ ತಾನೇ ಸೇರಿಸುವ ಸಣ್ಣ ಹಿನ್ನೆಲೆ ಸದ್ದು. ಇಲ್ಲಿ ಪಟ್ಟಿಯ ಅಂಕಿ ಸುಳ್ಳಲ್ಲದಿದ್ದರೂ ದಾರಿ ತಪ್ಪಿಸಬಲ್ಲದು. ಸಿಗ್ನಲ್‌ಗೂ ಗದ್ದಲಕ್ಕೂ ಇರುವ ಅನುಪಾತ 120 ಡೆಸಿಬೆಲ್ ಎಂದು ಬರೆದಿರುವ ಆಂಪ್ಲಿಫೈಯರಿನ ಗರಿಷ್ಠ ಔಟ್‌ಪುಟ್ 10 ವೋಲ್ಟ್ ಆಗಿದ್ದರೆ, ಅದರ ಗದ್ದಲ 10 ಮೈಕ್ರೋವೋಲ್ಟ್. ಇನ್ನೊಂದರ ಅನುಪಾತ 114 ಡೆಸಿಬೆಲ್ ಮಾತ್ರ, ಆದರೆ ಗರಿಷ್ಠ ಔಟ್‌ಪುಟ್ 2 ವೋಲ್ಟ್. ಅದರ ಗದ್ದಲ 4 ಮೈಕ್ರೋವೋಲ್ಟ್. ಪಟ್ಟಿಯಲ್ಲಿ ಮೊದಲನೆಯದು ಗೆದ್ದಂತೆ ಕಂಡರೂ, 1 ವೋಲ್ಟ್‌ಗೆ 120 ಡೆಸಿಬೆಲ್ ಕೊಡುವ ಇಯರ್‌ಫೋನಿನಲ್ಲಿ ಮೊದಲನೆಯದರ ಗದ್ದಲ 20 ಡೆಸಿಬೆಲ್ ಮಟ್ಟಕ್ಕೆ ಬರುತ್ತದೆ, ಎರಡನೆಯದರದ್ದು 12ಕ್ಕೆ ನಿಲ್ಲುತ್ತದೆ. ನಿಶ್ಶಬ್ದವಾದ ಕೋಣೆಯಲ್ಲಿ ಇಯರ್‌ಫೋನ್ ಕಿವಿಯನ್ನು ಮುಚ್ಚಿರುವಾಗ ಈ ವ್ಯತ್ಯಾಸ ಗೊತ್ತಾಗುತ್ತದೆ. ಆದ್ದರಿಂದ ನನಗೆ ಬೇಕಾದದ್ದು ಅನುಪಾತವಲ್ಲ, ಮೈಕ್ರೋವೋಲ್ಟ್‌ನಲ್ಲಿ ಹೇಳಿದ ಗದ್ದಲ. ಅದೂ ಯಾವ ಗೇನ್ (ಸಂಕೇತವನ್ನು ಎಷ್ಟು ಪಟ್ಟು ಹಿಗ್ಗಿಸುತ್ತದೆ ಎಂಬ) ಸ್ಥಿತಿಯಲ್ಲಿ ಎಂಬ ವಿವರದೊಂದಿಗೆ. ಈ ಆಂಪ್ಲಿಫೈಯರಿನ ಪಟ್ಟಿಯಲ್ಲಿ ಅದು ಇರಲಿಲ್ಲ. ತಯಾರಕರನ್ನು ಕೇಳಿ ಬರೆದಾಗ ಎರಡೂ ಗೇನ್ ಸ್ಥಿತಿಗಳ ಅಂಕಿಯನ್ನು ಕಳುಹಿಸಿದ್ದಲ್ಲದೆ, ಹೆಚ್ಚಿನ ಗೇನ್‌ನಲ್ಲಿ ಸೂಕ್ಷ್ಮ ಇಯರ್‌ಫೋನ್ ಬಳಸಬೇಡಿ ಎಂದೂ ಅವರೇ ಎಚ್ಚರಿಸಿದರು. ಕಡಿಮೆ ಗೇನ್ ಕೂಡ ಇನ್ನಷ್ಟು ಕಡಿಮೆ ಇರಬಹುದಿತ್ತು ಎಂಬುದು ನನ್ನ ಆಕ್ಷೇಪ: ಇಯರ್‌ಫೋನ್ ಜೋಡಿಸಿದಾಗ ವಾಲ್ಯೂಮ್ ನಾಬನ್ನು ಕೆಳತುದಿಯಲ್ಲೇ ಇಟ್ಟುಕೊಳ್ಳಬೇಕಾಗುತ್ತದೆ, ನಾಬಿನ ಹಿಂದಿರುವ ಅನಲಾಗ್ ಪೊಟೆನ್ಷಿಯೋಮೀಟರುಗಳಲ್ಲಿ ಎಡ ಬಲ ಚಾನೆಲ್‌ಗಳ ಹೊಂದಾಣಿಕೆ ಅತ್ಯಂತ ಕೆಟ್ಟದಾಗಿರುವುದು ಅಲ್ಲಿಯೇ.

ಹೆಸರಿಗೂ ಗುಣಕ್ಕೂ ಸಂಬಂಧವಿಲ್ಲ ಎಂಬುದಕ್ಕೆ ಈ ಕ್ಷೇತ್ರದಲ್ಲೇ ಒಂದು ಗಟ್ಟಿ ಉದಾಹರಣೆಯಿದೆ. 2011ರಲ್ಲಿ ತನ್ನ ನಿಜವಾದ ಹೆಸರನ್ನು ಹೇಳಿಕೊಳ್ಳದ ಒಬ್ಬ ವಿನ್ಯಾಸಕ ಓ2 ಎಂಬ ಹೆಡ್‌ಫೋನ್ ಆಂಪ್ಲಿಫೈಯರಿನ ಸಂಪೂರ್ಣ ವಿನ್ಯಾಸವನ್ನು, ಅಳತೆಗಳ ಸಮೇತ, ಎಲ್ಲರಿಗೂ ಪ್ರಕಟಿಸಿದರು. ಅದರ ಔಟ್‌ಪುಟ್ ಹಂತದಲ್ಲಿದ್ದದ್ದು ಎನ್‌ಜೆಎಂ4556ಎ ಎಂಬ, ಯಾರೂ ಜಾಹೀರಾತಿನಲ್ಲಿ ಹೆಸರಿಸಲು ಬಯಸದ ಸಾಮಾನ್ಯ ಆಪ್-ಆಂಪ್ ಚಿಪ್ಪು. ಪ್ರತಿ ಚಾನೆಲ್‌ಗೆ ಅಂಥ ಎರಡು ಆಂಪ್‌ಗಳನ್ನು 1 ಓಮ್ ರೆಸಿಸ್ಟರುಗಳ ಮೂಲಕ ಜೊತೆಗೂಡಿಸಿ ಅರ್ಧ ಓಮ್ ಆಸುಪಾಸಿನ ಔಟ್‌ಪುಟ್ ಇಂಪೀಡೆನ್ಸ್ ಸಾಧಿಸಿದ್ದರು. ಸಾಮಾನ್ಯ ಭಾಗಗಳಿಂದ, ಶ್ರದ್ಧೆಯ ವಿನ್ಯಾಸದಿಂದ ಏನು ಸಾಧ್ಯ ಎಂಬುದನ್ನು ಅದು ತೋರಿಸಿಕೊಟ್ಟಿತು. ಆ ವಿನ್ಯಾಸಕನ ಮೇಲೆ ನನಗಿರುವ ಗೌರವಕ್ಕೆ ಮುಖ್ಯ ಕಾರಣ ಆಂಪ್ಲಿಫೈಯರ್ ಅಲ್ಲ, ಅಳತೆಗಳನ್ನು ಯಾರು ಬೇಕಾದರೂ ಮತ್ತೆ ಮಾಡಿ ನೋಡುವಂತೆ ತೆರೆದಿಟ್ಟದ್ದು.

ಡ್ಯಾಕ್ ವಿಷಯಕ್ಕೆ ಬಂದರೆ, ಇಲ್ಲಿ ಚರ್ಚೆ ಸಾಮಾನ್ಯವಾಗಿ ಒಳಗಿನ ಚಿಪ್ಪಿನ ಹೆಸರಿನಿಂದ ಶುರುವಾಗಿ ಅಲ್ಲಿಯೇ ಮುಗಿಯುತ್ತದೆ. ಇಎಸ್‌ಎಸ್, ಎಕೆಎಂ, ಸಿರಸ್ ಲಾಜಿಕ್ ಮೊದಲಾದ ಕೆಲವೇ ಕಂಪನಿಗಳ ಚಿಪ್ಪುಗಳನ್ನು ದೊಡ್ಡವರೂ ಸಣ್ಣವರೂ ಕೊಳ್ಳುತ್ತಾರೆ. ಆದ್ದರಿಂದ ಚಿಪ್ಪಿನ ಹೆಸರು ಕಂಪನಿಯ ಸಾಮರ್ಥ್ಯದ ಬಗ್ಗೆ ಏನನ್ನೂ ಹೇಳುವುದಿಲ್ಲ; ಅದರ ಸುತ್ತಲಿನ ವಿದ್ಯುತ್ ಪೂರೈಕೆ, ಡಿಜಿಟಲ್ ಸಂಕೇತದ ಲಯ ಕಾಯುವ ಗಡಿಯಾರ, ಔಟ್‌ಪುಟ್ ಹಂತ ಹೇಳುತ್ತವೆ. 2020ರ ಅಕ್ಟೋಬರ್‌ನಲ್ಲಿ ಜಪಾನಿನ ನೊಬೆಯೊಕಾದಲ್ಲಿರುವ ಎಕೆಎಂ ಕಾರ್ಖಾನೆಗೆ ಬೆಂಕಿ ಬಿದ್ದು ಪೂರೈಕೆ ನಿಂತಾಗ, ಹಲವು ತಯಾರಕರು ಬೇರೆ ಚಿಪ್ಪುಗಳಿಗೆ ಬದಲಾಗಬೇಕಾಯಿತು. ಹಳೆಯ ಮಾದರಿಯೊಂದನ್ನು ಬಳಸಿದವರಿಂದ ಕೊಳ್ಳುವವರು ಅದು ಯಾವ ಆವೃತ್ತಿ ಎಂದು ವಿಚಾರಿಸುವುದು ಒಳ್ಳೆಯದು.

ಸಿಡಿ ಗುಣಮಟ್ಟದ 16 ಬಿಟ್ ಧ್ವನಿಯ ಸೈದ್ಧಾಂತಿಕ ವ್ಯಾಪ್ತಿ ಸುಮಾರು 98 ಡೆಸಿಬೆಲ್. ಇಂದಿನ ಸಾಧಾರಣ ಚಿಪ್ಪು ಕೂಡ, ಎಚ್ಚರದಿಂದ ಬಳಸಿದರೆ, ಅದನ್ನು ಸುಲಭವಾಗಿ ಮೀರುತ್ತದೆ. ಹಾಗಾಗಿ 115 ಮತ್ತು 121 ಡೆಸಿಬೆಲ್‌ಗಳ ನಡುವಿನ ಪೈಪೋಟಿ ಎಂಜಿನಿಯರಿಂಗ್ ಸಾಧನೆಯಾಗಿ ಮೆಚ್ಚತಕ್ಕದ್ದೇ ಹೊರತು ಕಿವಿಗೆ ಸಂಬಂಧಿಸಿದ್ದಲ್ಲ. ಅದಕ್ಕಿಂತ ನನಗೆ ಮುಖ್ಯವಾಗಿ ಕಾಣುವುದು ಬೇರೊಂದು. ತೀರಾ ಜೋರಾಗಿ ಮಾಸ್ಟರ್ ಮಾಡಿದ ಹಾಡುಗಳಲ್ಲಿ ಎರಡು ಸ್ಯಾಂಪಲ್‌ಗಳ (ಧ್ವನಿಯ ಬಿಡಿ ಅಳತೆಗಳ) ನಡುವೆ ಮರುಸೃಷ್ಟಿಯಾಗುವ ತರಂಗ ಡಿಜಿಟಲ್ ಗರಿಷ್ಠ ಮಿತಿಯನ್ನೂ ಮೀರಿ ಏರಬಹುದು. ಡ್ಯಾಕ್‌ನ ಒಳಗೆ ಅದಕ್ಕೆ ಜಾಗವಿಲ್ಲದಿದ್ದರೆ ಅಲ್ಲೇ ಕತ್ತರಿಸಿಹೋಗುತ್ತದೆ. ಬೆಂಚ್‌ಮಾರ್ಕ್ ಕಂಪನಿ ತನ್ನ ಡ್ಯಾಕ್3ರಲ್ಲಿ ಇದಕ್ಕಾಗಿಯೇ 3.5 ಡೆಸಿಬೆಲ್ ಬಿಟ್ಟುಕೊಂಡಿದೆ. ಉಳಿದವರ ಡ್ಯಾಕ್‌ಗಳಲ್ಲಿ ಡಿಜಿಟಲ್ ವಾಲ್ಯೂಮನ್ನು ಮೂರ್ನಾಲ್ಕು ಡೆಸಿಬೆಲ್ ಇಳಿಸಿಕೊಂಡರೆ ಕೆಲಸವಾಗುತ್ತದೆ.

ನಾನು ಪರಿಶೀಲಿಸಿದ ಡ್ಯಾಕ್‌ನಲ್ಲಿ ಈ ಚಿಪ್ಪುಗಳು ಯಾವುವೂ ಇರಲಿಲ್ಲ. ಅದು ಬಿಡಿಬಿಡಿ ರೆಸಿಸ್ಟರುಗಳ ಏಣಿಯಿಂದ ಕಟ್ಟಿದ, ಓವರ್‌ಸ್ಯಾಂಪ್ಲಿಂಗ್ (ಸ್ಯಾಂಪಲ್‌ಗಳ ನಡುವೆ ಲೆಕ್ಕ ಹಾಕಿ ಇನ್ನಷ್ಟು ಸ್ಯಾಂಪಲ್ ಸೇರಿಸುವುದು) ಮಾಡದ ವಿನ್ಯಾಸ. ಸಣ್ಣ ಕಂಪನಿಗಳಿಗೆ ಈ ವಿಧಾನದ ಮೇಲೆ ಒಲವು ಹೆಚ್ಚು. ಅದರ ಪಟ್ಟಿಯಲ್ಲಿ ರೆಸಿಸ್ಟರುಗಳ ನಿಖರತೆ ಶೇಕಡಾ 0.01 ಎಂಬುದನ್ನು ಹೆಮ್ಮೆಯಿಂದ ಹೇಳಲಾಗಿತ್ತು, ಡಿಸ್ಟಾರ್ಷನ್ ಅಥವಾ ಲೀನಿಯಾರಿಟಿಯ (ಡಿಜಿಟಲ್ ಅಂಕಿಗೆ ತಕ್ಕ ಪ್ರಮಾಣದಲ್ಲೇ ವೋಲ್ಟೇಜ್ ಹೊರಬರುತ್ತದೆಯೇ ಎಂಬುದರ) ಅಂಕಿ ಮಾತ್ರ ಎಲ್ಲಿಯೂ ಇರಲಿಲ್ಲ. ಶೇಕಡಾ 0.01 ಕೇಳಲು ಅತಿ ಸೂಕ್ಷ್ಮವೆನಿಸುತ್ತದೆ. ಆದರೆ 16 ಬಿಟ್ ಏಣಿಯ ಅತಿ ದೊಡ್ಡ ಮೆಟ್ಟಿಲು 32,768 ಹಂತಗಳಿಗೆ ಸಮ. ಅದರಲ್ಲಿ ಶೇಕಡಾ 0.01ರಷ್ಟು ತಪ್ಪಾದರೆ ಅತಿ ಚಿಕ್ಕ ಮೆಟ್ಟಿಲಿನ ಮೂರು ಪಟ್ಟು ದೋಷವಾಗುತ್ತದೆ. ಸರಳ ಏಣಿಯಲ್ಲಿ ಆ ದೊಡ್ಡ ಮೆಟ್ಟಿಲು ಬದಲಾಗುವುದು ತರಂಗ ಶೂನ್ಯವನ್ನು ದಾಟುವಾಗ, ಅಂದರೆ ಅತ್ಯಂತ ಮೆಲುದನಿಯ ಸಂಗೀತ ಇರುವ ಜಾಗದಲ್ಲಿಯೇ. −90 ಡೆಸಿಬೆಲ್‌ನ 16 ಬಿಟ್ ಸೈನ್ ತರಂಗದಲ್ಲಿ ಇರುವುದೇ ಮೂರು ಮಟ್ಟಗಳು. ಈ ಡ್ಯಾಕ್‌ನಿಂದ ಹೊರಬಂದ ಆ ತರಂಗವನ್ನು ಒಳ್ಳೆಯ ಆಡಿಯೋ ಇಂಟರ್‌ಫೇಸ್ ಮೂಲಕ ದಾಖಲಿಸಿ ನೋಡಿದಾಗ, ಮೇಲಿನ ಅರ್ಧ ಮತ್ತು ಕೆಳಗಿನ ಅರ್ಧ ಸಮವಾಗಿರಲಿಲ್ಲ. ಮೂರು ಮಟ್ಟಗಳ ನಡುವಿನ ಅಂತರ ಕಣ್ಣಿಗೇ ಕಾಣುವಷ್ಟು ಬೇರೆಯಾಗಿತ್ತು.

ಸಾಮಾನ್ಯ ಆಲಿಕೆಯಲ್ಲಿ ಇದು ಕೇಳಿಸುವುದು ಅಪರೂಪ ಎಂಬುದನ್ನೂ ಹೇಳಲೇಬೇಕು. ಕೇಳಿಸುವುದು ಇನ್ನೊಂದು. ಓವರ್‌ಸ್ಯಾಂಪ್ಲಿಂಗ್ ಇಲ್ಲದಿದ್ದರೆ 44.1 ಕಿಲೋಹರ್ಟ್ಸ್ ಸಂಗೀತದ ಮೇಲ್ಭಾಗ ಇಳಿಯುತ್ತದೆ: 10 ಕಿಲೋಹರ್ಟ್ಸ್‌ನಲ್ಲಿ ಮುಕ್ಕಾಲು ಡೆಸಿಬೆಲ್, 15ರಲ್ಲಿ 1.7, 20ರಲ್ಲಿ 3 ಡೆಸಿಬೆಲ್‌ಗಿಂತ ಸ್ವಲ್ಪ ಹೆಚ್ಚು. ಈ ಬಗೆಯ ಡ್ಯಾಕ್‌ಗಳ ಬಗ್ಗೆ ಹೇಳುವ ಮೃದುತ್ವ, ಸಹಜತೆ, ಆಯಾಸವಾಗದ ನಾದ ಎಂಬ ಹೊಗಳಿಕೆಯಲ್ಲಿ ಬಹುಪಾಲು ಈ ಇಳಿಕೆಯಿಂದಲೇ ಬಂದದ್ದು ಎಂಬುದು ನನ್ನ ತೀರ್ಮಾನ. ಆ ನಾದ ಇಷ್ಟವಾಗುವವರಿಗೆ ಅದನ್ನು ಬೇಡ ಎನ್ನಲು ನನಗೆ ಕಾರಣವಿಲ್ಲ. ಆದರೆ ಅದೇ ಇಳಿಕೆಯನ್ನು ಯಾವ ಡ್ಯಾಕ್‌ನೊಂದಿಗೂ ಈಕ್ವಲೈಜರಿನಿಂದ ತರಬಹುದು, ಬೇಡವಾದಾಗ ತೆಗೆಯಲೂಬಹುದು; ಅದಕ್ಕಾಗಿ ಶೂನ್ಯದ ಬಳಿಯ ದೋಷವನ್ನು ಒಪ್ಪಿಕೊಳ್ಳಬೇಕಾಗಿಲ್ಲ.

ಇಂಥ ಮಾತನ್ನು ಬರೀ ಲೆಕ್ಕದಿಂದ ಹೇಳಬಾರದು, ಕೇಳಿಯೂ ನೋಡಬೇಕು, ಆದರೆ ಸರಿಯಾದ ರೀತಿಯಲ್ಲಿ. ಎರಡು ಉಪಕರಣಗಳ ಧ್ವನಿಮಟ್ಟವನ್ನು 0.1 ಡೆಸಿಬೆಲ್ ಒಳಗೆ ಸಮಮಾಡಿಕೊಳ್ಳದ ಹೋಲಿಕೆ ಹೋಲಿಕೆಯೇ ಅಲ್ಲ, ಏಕೆಂದರೆ ಅತಿ ಸ್ವಲ್ಪ ಜೋರಾದದ್ದು ಜೋರಾಗಿ ಕೇಳದೆ ಹೆಚ್ಚು ಸ್ಪಷ್ಟವಾಗಿ ಕೇಳಿಸುತ್ತದೆ. 0.1 ಡೆಸಿಬೆಲ್ ಎಂದರೆ ವೋಲ್ಟೇಜಿನಲ್ಲಿ ಶೇಕಡಾ 1.2, ಒಂದರಲ್ಲಿ 0.500 ವೋಲ್ಟ್ ಇದ್ದರೆ ಇನ್ನೊಂದು 0.494 ಮತ್ತು 0.506ರ ನಡುವೆ ಇರಬೇಕು. ಇದನ್ನು ಹೆಡ್‌ಫೋನ್ ಜೋಡಿಸಿರುವಾಗಲೇ ಅಳೆಯಬೇಕು. ಆಮೇಲೆ ಯಾವುದು ನುಡಿಯುತ್ತಿದೆ ಎಂದು ಗೊತ್ತಿಲ್ಲದಂತೆ ಬದಲಿಸಲು ಇನ್ನೊಬ್ಬರ ನೆರವು ಬೇಕು. 16 ಸಲದಲ್ಲಿ 12 ಸಲ ಸರಿಯಾಗಿ ಗುರುತಿಸಿದರೆ, ಅದು ಬರೀ ಊಹೆಯಿಂದ ಆಗಿರುವ ಸಾಧ್ಯತೆ ಶೇಕಡಾ 4ಕ್ಕಿಂತ ಕಡಿಮೆ. ಹೀಗೆ ಕೇಳಿದಾಗ ಈ ಏಣಿಯ ಡ್ಯಾಕ್ ಮತ್ತು ನನ್ನ ಸಾಮಾನ್ಯ ಡ್ಯಾಕ್ ನಡುವಿನ ವ್ಯತ್ಯಾಸ ತಾಳ, ಗೆಜ್ಜೆಗಳ ಮೇಲಿನ ಹೊಳಪಿನಲ್ಲಿ ಗೊತ್ತಾಯಿತು. ಈಕ್ವಲೈಜರಿನಿಂದ ಆ ಇಳಿಕೆಯನ್ನು ಸರಿಪಡಿಸಿದ ಮೇಲೆ ಗುರುತಿಸಲಾಗಲಿಲ್ಲ. ಆಂಪ್ಲಿಫೈಯರುಗಳ ವಿಷಯದಲ್ಲೂ ಅಷ್ಟೇ. ಶಕ್ತಿ ಸಾಕಷ್ಟಿದ್ದು, ಔಟ್‌ಪುಟ್ ಇಂಪೀಡೆನ್ಸ್ ಮತ್ತು ಗದ್ದಲ ಕಡಿಮೆ ಇದ್ದ ಎರಡು ಆಂಪ್ಲಿಫೈಯರುಗಳನ್ನು ನಾನು ಹೀಗೆ ಬೇರ್ಪಡಿಸಿ ಹೇಳಲಾರೆ.

ಯುಎಸ್‌ಬಿ ಬಗ್ಗೆ ಒಂದು ಮಾತು. ಡ್ಯಾಕ್ ಯುಎಸ್‌ಬಿ ಆಡಿಯೋ ಕ್ಲಾಸ್ 2 ಮಾನದಂಡವನ್ನು ಪೂರ್ತಿ ಪಾಲಿಸಿದರೆ ಮ್ಯಾಕ್, ಲಿನಕ್ಸ್‌ಗಳಲ್ಲಿಯೂ, 2017ರಿಂದೀಚಿನ ವಿಂಡೋಸ್ 10ರಲ್ಲಿಯೂ ಪ್ರತ್ಯೇಕ ಡ್ರೈವರ್ ಇಲ್ಲದೆ ನಡೆಯುತ್ತದೆ. ಸಣ್ಣ ಕಂಪನಿಯ ಮಟ್ಟಿಗೆ ಇದು ಧ್ವನಿಯ ಗುಣಮಟ್ಟದಷ್ಟೇ ತೂಕದ ಸಂಗತಿ, ಏಕೆಂದರೆ ಕಂಪನಿ ಮುಚ್ಚಿದ ಮೇಲೆ ಹೊಸ ಡ್ರೈವರ್ ಬರೆಯುವವರು ಯಾರೂ ಇರುವುದಿಲ್ಲ. ನಾನು ಬಳಸಿದ ಡ್ಯಾಕ್ ತನ್ನದೇ ಡ್ರೈವರ್ ಇಲ್ಲದೆ ವಿಂಡೋಸ್‌ನಲ್ಲಿ ಎಚ್ಚರಗೊಳ್ಳಲೇ ಇಲ್ಲ, ಸ್ಯಾಂಪಲ್ ದರ ಬದಲಾದಾಗಲೆಲ್ಲ ಹೆಡ್‌ಫೋನಿನಲ್ಲಿ ಚಟ್ ಎನ್ನುತ್ತಿತ್ತು.

ಲೀನಿಯಾರಿಟಿಯ ಅಂಕಿಯನ್ನು ಕೇಳಿ ಬರೆದ ಪತ್ರಕ್ಕೆ, ಕಿವಿಯಿಂದ ಕೇಳಿ ನಿರ್ಧರಿಸಿ ಎಂಬ ಉತ್ತರ ಬಂತು. ಗದ್ದಲದ ಅಂಕಿಯನ್ನು ತಕ್ಷಣ ಕಳುಹಿಸಿದ್ದ ಅದೇ ಕಂಪನಿ ಇದು. ಒಂದೇ ಕಂಪನಿಯ ಎರಡು ಪೆಟ್ಟಿಗೆಗಳ ಹಿಂದೆ ಎರಡು ಬಗೆಯ ಮನೋಭಾವ ಇರಬಹುದು ಎಂಬುದರಿಂದಲೇ ನಾನು ಕಂಪನಿಗೆ ಅಂಕ ಕೊಡುವುದಿಲ್ಲ, ಒಂದೊಂದು ಉಪಕರಣಕ್ಕೆ ಕೊಡುತ್ತೇನೆ. ಆಂಪ್ಲಿಫೈಯರನ್ನು 50 ಓಮ್‌ಗಿಂತ ಮೇಲಿನ ಹೆಡ್‌ಫೋನುಗಳಿಗೂ ಪ್ಲೇನಾರ್ ಹೆಡ್‌ಫೋನುಗಳಿಗೂ ಹಿಂಜರಿಯದೆ ಸೂಚಿಸುತ್ತೇನೆ. ಸೂಕ್ಷ್ಮ ಇಯರ್‌ಫೋನ್ ಬಳಸುವವರು ಕಡಿಮೆ ಗೇನ್ ಇನ್ನೂ ಕಡಿಮೆಯಿರುವ ಬೇರೊಂದನ್ನು ನೋಡಲಿ. ಡ್ಯಾಕ್‌ನ ಮುಂದಿನ ಆವೃತ್ತಿ ಬಂದಾಗ ನಾನು ಮೊದಲು ತೆರೆಯುವುದು ಅದರ ಪಟ್ಟಿಯನ್ನು. −90 ಡೆಸಿಬೆಲ್‌ನಲ್ಲಿ ಲೀನಿಯಾರಿಟಿ ಎಷ್ಟು ಎಂಬ ಸಾಲು ಅಲ್ಲಿ ಇದ್ದರೆ ಮತ್ತೆ ತರಿಸಿಕೊಂಡು ನೋಡುತ್ತೇನೆ.